ಅಪ್ಪನ ಹಿಂದೆ ಮೂವರು

ಒಂದೇ ದಿನ ಮನೆಯ ಎರಡು ಗಡಿಯಾರಗಳು ನಿಂತರೆ ಯಾರಿಗಾದರೂ ತಲೆ ಕೆಡುತ್ತದೆ. ಬಂಡೆಪ್ಪನವರಿಗೆ ತುಸು ಹೆಚ್ಚೇ ಕೆಟ್ಟಿತು. ಮೂವತ್ತೊಂದು ವರ್ಷ ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಟರಾಗಿ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದ ಬಿಡಿಭಾಗಕ್ಕೂ ಕೆಂಪು ಬಣ್ಣ ಬಳಿದು ಆಚೆಗೆಸೆದ ಮನುಷ್ಯ ಅವರು. ಪಡಸಾಲೆಯ ಗಡಿಯಾರ ಮೂರೂ ಹತ್ತಕ್ಕೆ ನಿಂತಿತ್ತು, ಮಲಗುವ ಕೋಣೆಯದು ಮೂರೂ ಹನ್ನೊಂದಕ್ಕೆ. ಸ್ಟೂಲು ಹತ್ತಿ ಎರಡನ್ನೂ ಇಳಿಸಿ ನೋಡಿದರೆ ಎರಡರ ಬೆನ್ನೂ ಬರಿದು. ಸೆಲ್ಲುಗಳೇ ಇರಲಿಲ್ಲ.

ಮನೆಗೆ ನುಗ್ಗಿ ಬರೀ ಸೆಲ್ಲು ಕದ್ದುಕೊಂಡು ಹೋಗುವಷ್ಟು ಬಡ ಕಳ್ಳರು ಹೈದರಾಬಾದಿನಲ್ಲಿ ಇದ್ದಂತಿಲ್ಲ. ನಾಚಾರಂನ ಆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಇರುವವರು ಬಂಡೆಪ್ಪನವರು ಮತ್ತು ಅವರ ಹೆಂಡತಿ ಶರಣಬಸಮ್ಮ, ಇಬ್ಬರೇ. ಮಗ ಅಮಿತ ಸೊಲ್ಲಾಪುರದಲ್ಲಿ ರೈಲ್ವೆ ನೌಕರ, ಹಬ್ಬಕ್ಕೆ ಬಂದು ಹೋಗುವವನು. ಸೆಲ್ಲು ತೆಗೆದವರು ಯಾರು ಎಂದು ಕಂಡುಹಿಡಿಯಲು ಇನ್‌ಸ್ಪೆಕ್ಟರೇ ಬೇಕಾಗಿರಲಿಲ್ಲ. ಆದರೆ ಯಾಕೆ?

ಕೇಳುವ ಮೊದಲೇ ಶರಣಬಸಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಹೇಳಿಬಿಟ್ಟರು, ಸೆಲ್ಲು ತೆಗೆದದ್ದು ತಾವೇ, ಅಂಗಡಿಗೆ ಹೋದಾಗ ನಾಲ್ಕು ಪೆನ್ಸಿಲ್ ಸೆಲ್ ತರಬೇಕು ಎಂದು. ಕೊತ್ತಂಬರಿ ತರಲು ಹೇಳಿದಷ್ಟೇ ಸಲೀಸಾಗಿ ಹೇಳಿದರು. ಬಂಡೆಪ್ಪನವರು ಹೋಗಿ ತಂದರು. ಎರಡು ಗಡಿಯಾರಕ್ಕೆ ಎರಡು, ಉಳಿದೆರಡು ಎಲ್ಲಿಗೆ ಎಂದು ಆಗಲೂ ಕೇಳಲಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದ ಗಂಡಸರು ಹೆಂಡತಿಯನ್ನು ಪ್ರಶ್ನೆ ಕೇಳುವುದನ್ನು ಬಿಟ್ಟು ಸುಮ್ಮನೆ ಸಂಶಯಪಡುವುದನ್ನು ರೂಢಿ ಮಾಡಿಕೊಂಡಿರುತ್ತಾರೆ. ಇವರಿಗೂ ಅದೇ ರೂಢಿ.

ಮರುದಿನ ಊಟದ ಮೇಲಿನ ನಿದ್ದೆಯಿಂದ ಬೇಗ ಎಚ್ಚರವಾಯಿತು. ಬಾಲ್ಕನಿಯಿಂದ ಸಣ್ಣಗೆ ಏನೋ ಸಂಗೀತ ಕೇಳುತ್ತಿತ್ತು, ಮಕ್ಕಳ ಆಟಿಕೆಯಿಂದ ಬರುವಂಥದ್ದು. ಒಣಹಾಕಿದ ಸೀರೆಯನ್ನು ಸರಿಸಿ ನೋಡಿದರೆ ಶರಣಬಸಮ್ಮ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದಾರೆ, ಕನ್ನಡಕ ಮೂಗಿನ ತುದಿಗೆ ಇಳಿದಿದೆ, ಎರಡೂ ಕೈಯಲ್ಲಿ ಅಂಗೈಯಗಲದ ನೇರಳೆ ಬಣ್ಣದ ಡಬ್ಬಿ. ಇಂಥ ಹಳೆಯ ಗೇಮಿನ ಡಬ್ಬಿಗಳ ಪರದೆಗೆ ಸ್ವಂತ ಬೆಳಕಿಲ್ಲ, ಬಿಸಿಲಿಗೆ ಓರೆಯಾಗಿ ಹಿಡಿದರಷ್ಟೇ ಕಾಣುವುದು. ಹಾಗೆ ಓರೆಯಾಗಿ ಹಿಡಿದು, ಹೆಬ್ಬೆರಳಿನಿಂದ ಒತ್ತುತ್ತ, ಹೆಂಡತಿ ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು.

ಬಂಡೆಪ್ಪನವರಿಗೆ ಡಬ್ಬಿಯ ಗುರುತು ಸಿಕ್ಕಿತು. ಅದು ಪಿಂಕಿಯದು.

ಪಿಂಕಿ ಅವರ ಮಗಳು. ದಾಖಲೆಯಲ್ಲಿ ತೇಜಸ್ವಿನಿ. ಅವಳಿಗೆ ಹನ್ನೆರಡು ವರ್ಷವಾಗಿದ್ದಾಗ ಸೋದರಮಾವ ಮಸ್ಕತ್ತಿನಿಂದ ತಂದುಕೊಟ್ಟ, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮು ಅದು. ಹೈಸ್ಕೂಲು ಮುಗಿಯುವ ತನಕ ಅವಳ ಕೈಯಿಂದ ಇಳಿದಿರಲಿಲ್ಲ. ಇಪ್ಪತ್ನಾಲ್ಕಕ್ಕೆ ಅವಳು ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ತರುಣ ಎಂಬ ತೆಲುಗು ಹುಡುಗನನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗಿ ಬಂದು ಬಾಗಿಲಲ್ಲಿ ನಿಂತಳು. ಬಂಡೆಪ್ಪನವರು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು, ಕೂಗಾಟ ಒಂದು ವಾರಕ್ಕೆ ತಣ್ಣಗಾಗುತ್ತದೆ. ಬಾಗಿಲು ಹಾಕಿಕೊಂಡರು. ಮರುದಿನ ಬೆಳಿಗ್ಗೆ ಕಾರ್ಖಾನೆಗೆ ಹೋದವರೇ, ನೌಕರನ ಆಶ್ರಿತರ ಹೆಸರುಗಳನ್ನು ಬರೆದಿಡುವ ಫ್ಯಾಮಿಲಿ ಡಿಕ್ಲರೇಷನ್ ಫಾರಂ ತರಿಸಿಕೊಂಡು, ಮಗಳ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ ತಾರೀಖು ಬರೆದರು. ಮದುವೆಯಾದ ಮಗಳ ಹೆಸರು ತೆಗೆಯಬೇಕೆಂಬುದು ನಿಯಮವೇ. ಅದಕ್ಕೆ ಮೂರು ತಿಂಗಳ ಅವಕಾಶವಿದೆ ಎಂದು ಗುಮಾಸ್ತ ಹೇಳಿದ. ಇವರಿಗೆ ಮೂರು ನಿಮಿಷದ ಅವಕಾಶವೂ ಬೇಡವಾಗಿತ್ತು. ಮನೆಗೆ ಬಂದು, ಆ ಹೆಸರು ಇನ್ನು ಈ ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು ಎಂದು ಹೆಂಡತಿಗೆ ಹೇಳಿದರು. ಒಂಬತ್ತು ವರ್ಷ ಬರಲಿಲ್ಲ. ಮಗಳು ಗಚ್ಚಿಬೌಲಿಯಲ್ಲಿ ಇದ್ದಾಳೆಂದು ಅವರಿಗೆ ಗೊತ್ತಿತ್ತು. ಅದೇ ಊರು, ಒಂದೂವರೆ ಗಂಟೆಯ ದಾರಿ. ಆ ದಿಕ್ಕಿನಲ್ಲಿ ಮದುವೆ ಮುಂಜಿ ಇದ್ದರೂ ಅವರು ಹೋಗುತ್ತಿರಲಿಲ್ಲ.

ಈಗ ಆ ಡಬ್ಬಿ ಹೆಂಡತಿಯ ಕೈಯಲ್ಲಿ. ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆ ಓದಿದ, ಮೊಬೈಲಿನಲ್ಲಿ ಫೋಟೋ ಕಳಿಸಲೂ ಅಮಿತನನ್ನು ಕೇಳುವ ಅರವತ್ತೆರಡರ ಹೆಂಗಸಿಗೆ ಇದನ್ನು ಆಡಲು ಕಲಿಸಿದವರು ಯಾರು? ಈ ಒಂದು ಪ್ರಶ್ನೆ ಬಂಡೆಪ್ಪನವರ ಎದೆಯಲ್ಲಿ ಕೂತುಬಿಟ್ಟಿತು. ತಮಗೆ ತಿಳಿಯದ ಹಾಗೆ ತಾಯಿ ಮಗಳು ಮಾತಾಡುತ್ತಿದ್ದಾರೆಯೇ? ಒಂಬತ್ತು ವರ್ಷ ತಾವೊಬ್ಬರೇ ಆ ಗೆರೆಯ ಈಚೆ ಕಾವಲು ಕೂತಿದ್ದು, ಹೆಂಡತಿ ಎಂದೋ ದಾಟಿಹೋಗಿದ್ದರೆ? ಮಗಳು ಹೋದದ್ದನ್ನು ತಡೆದುಕೊಂಡಿದ್ದರು. ಹೆಂಡತಿಯೂ ತಮ್ಮ ಕಡೆ ಇಲ್ಲ ಎಂದಾದರೆ ತಡೆದುಕೊಳ್ಳುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ.

“ಏನೈತಿ ಅದರಾಗ?” ಎಂದು ಕೇಳಿದರು.

“ಏನಿಲ್ರೀ. ಮಂದಿ ಅಡ್ಡಾಡತಾರ,” ಎಂದು ಶರಣಬಸಮ್ಮ ಡಬ್ಬಿ ಆರಿಸಿ ಎದ್ದು ಚಹಾಕ್ಕಿಟ್ಟರು.

ಮುಂದಿನ ಹದಿನೈದು ದಿನ ಬಂಡೆಪ್ಪನವರು ಹೆಂಡತಿಯ ಮೇಲೆ ಕಣ್ಣಿಟ್ಟರು. ಸೀರೆಯ ಮರೆಯಲ್ಲಿ ನಿಂತು, ಪೇಪರು ಓದುವ ನೆಪದಲ್ಲಿ ಕೂತು ನೋಡಿದಷ್ಟೂ ಗೊಂದಲ ಹೆಚ್ಚಿತು. ದಿನಾ ಮೂರಕ್ಕೆ ಶುರು, ಮೂರೂವರೆಗೆ ಮುಕ್ತಾಯ. ಗೆದ್ದೆ ಎಂಬ ಉಬ್ಬರವಿಲ್ಲ, ಸೋತೆ ಎಂಬ ಬೇಸರವಿಲ್ಲ. ಟೀವಿಯ ಕ್ರಿಕೆಟ್ಟಿಗೂ ಒಂದು ಅರ್ಥವಿದೆ, ಇಸ್ಪೀಟಿಗೂ ಇದೆ. ದಿನವೂ ಅದೇ ಸಂಗೀತ ಕೇಳಿಕೊಂಡು ಏಳುವ ಇದೆಂಥ ಆಟ? ಫೋನಿನಲ್ಲಿ ಹೆಂಡತಿ ಮಾತಾಡುವುದು ಅಮಿತನ ಜೊತೆ ಮತ್ತು ಬೀದರಿನ ತಂಗಿಯ ಜೊತೆ ಮಾತ್ರ. ಅದನ್ನೂ ಕಿವಿಗೊಟ್ಟು ಕೇಳಿದರು. ನಾಚಿಕೆಯಾಯಿತು, ಆದರೂ ಕೇಳಿದರು.

ಬೆಳಗಿನ ವಾಕಿಂಗಿನ ಜೊತೆಗಾರ ಮೌನಪ್ಪನವರನ್ನು, ಯಾರದೋ ವಿಷಯ ಎಂಬಂತೆ ವಿಚಾರಿಸಿದ್ದೂ ಆಯಿತು. ರಾಯಚೂರು ಕಡೆಯ ಮೌನಪ್ಪನವರಿಗೆ ಹೆಸರಿನ ಗುಣ ಒಂದಿಷ್ಟೂ ಅಂಟಿಲ್ಲ. ಪಾರ್ಕಿನ ಎರಡು ಸುತ್ತು ಮುಗಿಯುವಷ್ಟು ಹೊತ್ತು ವಿವರಿಸಿದರು. ಅವರ ಮೊಮ್ಮಗನೂ ಇಂಥದ್ದೇ ಆಡುತ್ತಾನಂತೆ. ರಾಜ, ರಾಕ್ಷಸ, ಮಂತ್ರ, ಕತ್ತಿ. ನಾಲ್ಕು ಜನ ಕೂಡಿ ಊರೂರು ಅಲೆಯುವುದು, ದಾರಿಯಲ್ಲಿ ಅಡ್ಡಬಂದ ಪ್ರಾಣಿಗಳನ್ನು ಹೊಡೆಯುವುದು, ಹೊಡೆದಷ್ಟೂ ಅವರ ಲೆವೆಲ್ಲು ಏರುವುದು. ಏರಿದ್ದು ಇಳಿಯುವುದಿಲ್ಲವಂತೆ. ಅಲ್ಲಿ ಬೆವರು ಸುರಿಸಿದ್ದಕ್ಕೆ ಲೆಕ್ಕ ಸಿಗುತ್ತದೆ, ಅದಕ್ಕೇ ಜನ ಮರುಳಾಗುತ್ತಾರೆ ಎಂದು ಮೌನಪ್ಪನವರ ತೀರ್ಮಾನ. ಬಂಡೆಪ್ಪನವರು ತಲೆಯಾಡಿಸಿದರು. ತಮ್ಮ ಹೆಂಡತಿ ಕೊತ್ತಂಬರಿಯ ಹುಳಕ್ಕೂ ಅಂಜುವವಳು, ರಾಕ್ಷಸರನ್ನು ಹೊಡೆದು ಯಾವ ಲೆವೆಲ್ಲಿಗೆ ಏರಬೇಕಾಗಿದೆ ಎಂಬುದು ಅವರಿಗೆ ಬಗೆಹರಿಯಲಿಲ್ಲ.

ಅಷ್ಟರಲ್ಲಿ ಬೀದರಿನಲ್ಲಿ ತಂಗಿಯ ಬಸುರಿ ಸೊಸೆಗೆ ಕುಬಸದ ಶಾಸ್ತ್ರ ಎಂದು ಶರಣಬಸಮ್ಮ ಎರಡು ದಿನದ ಮಟ್ಟಿಗೆ ಹೊರಟರು. ಅವರ ಬಸ್ಸು ಊರು ದಾಟುವ ಮೊದಲೇ ಬಂಡೆಪ್ಪನವರು ಬೀರು ತೆಗೆದಿದ್ದರು. ಡಬ್ಬಿ ಇಳಕಲ್ ಸೀರೆಗಳ ಕೆಳಗೆ, ಮೆತ್ತನೆಯ ರವಿಕೆ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಇದು ತಪಾಸಣೆ, ಅಷ್ಟೇ, ಎಂದು ಮನಸ್ಸಿಗೆ ಹೇಳಿಕೊಂಡು ಕನ್ನಡಕ ಒರೆಸಿ ಬಾಲ್ಕನಿಯ ಬಿಸಿಲಿಗೆ ಕೂತರು.

ಗುಂಡಿ ಸರಿಸಿದಾಗ ಸಂಗೀತ ಬಂತು. ಮುಂದುವರಿಸುವುದೇ ಎಂದು ಇಂಗ್ಲಿಷಿನಲ್ಲಿ ಕೇಳಿತು. ಹೌದು ಎಂದು ಒತ್ತಿದರು. ಹಸಿರು ಬಯಲು, ನೀಲಿ ಸಮುದ್ರ, ದಂಡೆಯ ಮೇಲೆ ಒಂದು ಪುಟ್ಟ ಊರು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ನಾಲ್ಕು ಗೊಂಬೆಗಳು ಒಂದರ ಹಿಂದೆ ಒಂದು ನಿಂತಿದ್ದವು. ಬಾಣದ ಗುಂಡಿ ಒತ್ತಿದರೆ ಮುಂದಿನದು ನಡೆಯಿತು, ಉಳಿದ ಮೂರೂ ಅದರ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ಬಂದವು. ಇನ್ನೊಂದು ಗುಂಡಿ ಒತ್ತಿದಾಗ ನಾಲ್ವರ ಹೆಸರಿನ ಪಟ್ಟಿ ತೆರೆದುಕೊಂಡಿತು.

ಅಪ್ಪ. ಅವ್ವ. ಅಮಿತ. ಪಿಂಕಿ.

ಇಂಗ್ಲಿಷ್ ಅಕ್ಷರಗಳಲ್ಲಿದ್ದ ಆ ನಾಲ್ಕು ಹೆಸರನ್ನು ಬಂಡೆಪ್ಪನವರು ಎರಡು ಸಲ, ಮೂರು ಸಲ ಓದಿದರು. ಹನ್ನೆರಡು ವರ್ಷದ ಹುಡುಗಿ ಇಟ್ಟ ಹೆಸರುಗಳು, ಸಂಶಯವೇ ಇಲ್ಲ. ಅಪ್ಪ ಮುಂದಾಳು, ಮೂವತ್ತೆಂಟನೇ ಲೆವೆಲ್ಲು, ಕೈಯಲ್ಲಿ ಕಬ್ಬಿಣದ ಗುರಾಣಿ. ಅವ್ವನಿಗೆ ಕೊಡಲಿ ಕೊಟ್ಟಿದ್ದಳು, ಬಲದಲ್ಲಿ ಅವಳೇ ಎಲ್ಲರಿಗಿಂತ ಹೆಚ್ಚು. ಅಮಿತ ವ್ಯಾಪಾರಿ. ಪಿಂಕಿ ಕೊನೆಯಲ್ಲಿ, ಕೈಯಲ್ಲೊಂದು ಕೋಲು, ಗಾಯ ಮಾಯಿಸುವ ಮಂತ್ರಗಾತಿ. ಅವರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಏನೆಂದು ಅವರಿಗೇ ತಿಳಿಯಲಿಲ್ಲ. ಡಬ್ಬಿ ಇಡಬೇಕು ಎಂದುಕೊಂಡವರು ಇಡಲಿಲ್ಲ.

ಊರೊಳಗೆ ಹೋದರು. ಸಿಕ್ಕಿದವರನ್ನೆಲ್ಲ ಮಾತಾಡಿಸಿದರು. ಬಾವಿಯ ಹತ್ತಿರದ ಮುದುಕ, ‘ವೀರ ಅಪ್ಪ, ನೀನು ಬಂದದ್ದು ಈ ಊರಿನ ಭಾಗ್ಯ’ ಎಂದ. ಸುಳ್ಳೇಕೆ, ಬಂಡೆಪ್ಪನವರಿಗೆ ಹಿತವಾಯಿತು. ನಿವೃತ್ತಿಯ ದಿನ ಹಾರ ಹಾಕಿದ ಮೇಲೆ ಈ ಧಾಟಿಯಲ್ಲಿ ಅವರನ್ನು ಯಾರೂ ಮಾತಾಡಿಸಿರಲಿಲ್ಲ. ಮುದುಕನನ್ನು ಮತ್ತೊಮ್ಮೆ ಮಾತಾಡಿಸಿದರು. ಅವನು ಅದನ್ನೇ ಮತ್ತೆ ಹೇಳಿದ. ಮೂರನೇ ಸಲವೂ ಹೇಳಿಸಿಕೊಂಡು ಊರ ಹೊರಗೆ ಬಂದರು.

ಕಾಡಿನಲ್ಲಿ ಕಣ್ಣು ಬಿಡುವ ಕಡುಬಿನಂಥ ಪ್ರಾಣಿಗಳು ಅಡ್ಡಬಂದವು. ಒಂದೇ ಏಟಿಗೆ ಬಿದ್ದವು. ಸಣ್ಣ ತುತ್ತೂರಿ ಊದಿ ಗೆಲುವು ಸಾರಿತು. ಇನ್ನೊಂದಿಷ್ಟು ದೂರ ಹೋದರು, ಹಾವು ಬಂದವು, ಅವೂ ಬಿದ್ದವು. ಆ ಗುಡ್ಡದಾಚೆ ಏನಿದೆ ನೋಡೋಣ ಎಂದು ಹೋದರು, ಗುಡ್ಡದಾಚೆ ಸೇತುವೆ ಇತ್ತು, ಸೇತುವೆಯಾಚೆ ಏನಿದೆ ನೋಡೋಣ ಎನಿಸಿತು. ಅಡುಗೆಮನೆಯಲ್ಲಿ ಹೆಂಡತಿ ಮುಚ್ಚಿಟ್ಟು ಹೋದ ಊಟ ಆರಿಹೋಯಿತು. ಇದಕ್ಕೆ ಯಾಕೆ ಮರುಳಾಗುತ್ತಾರೆ ಎಂದು ಹದಿನೈದು ದಿನ ತಲೆ ಕೆಡಿಸಿಕೊಂಡ ಮನುಷ್ಯನಿಗೆ ತಾನೇ ಮರುಳಾದದ್ದು ಗೊತ್ತಾಗಲೇ ಇಲ್ಲ. ಒಂದು ತಿರುವಿನಾಚೆ ಇನ್ನೊಂದು ತಿರುವು ಇತ್ತು, ತಾವು ಹೋದಲ್ಲಿಗೆ ಮೂವರು ಚಕಾರವೆತ್ತದೆ ಹಿಂದೆ ಬರುತ್ತಿದ್ದರು. ಮನೆಯಲ್ಲಿ ಇಂಥದ್ದು ಯಾವತ್ತು ನಡೆದಿತ್ತು?

ಸೇತುವೆಯಾಚೆ ಸಿಕ್ಕಿದ್ದು ಕಲ್ಲಿನ ದೈತ್ಯ. ಅದರ ಮೊದಲ ಏಟಿಗೇ ಅಪ್ಪನ ಜೀವ ಅರ್ಧಕ್ಕಿಳಿಯಿತು. ಬಂಡೆಪ್ಪನವರು ಗಾಬರಿಯಾಗಿ ಯಾವ ಗುಂಡಿ ಒತ್ತಬೇಕೆಂದು ತಡಕಾಡುವಷ್ಟರಲ್ಲಿ ಪರದೆಯ ಮೇಲೆ ಒಂದು ಸಾಲು ಮೂಡಿತು. ಪಿಂಕಿ ಮಂತ್ರ ಹೇಳಿದಳು, ಅಪ್ಪನ ಗಾಯ ಮಾಯಿತು. ದೈತ್ಯ ಮತ್ತೆ ಹೊಡೆಯಿತು. ಪಿಂಕಿ ಮಂತ್ರ ಹೇಳಿದಳು, ಅಪ್ಪನ ಗಾಯ ಮಾಯಿತು. ಇವರು ಏನೂ ಹೇಳಿರಲಿಲ್ಲ, ಏನೂ ಒತ್ತಿರಲಿಲ್ಲ. ಅಪ್ಪನಿಗೆ ಪೆಟ್ಟಾದರೆ ಮೊದಲು ಅಪ್ಪನನ್ನು ನೋಡಿಕೋ ಎಂದು ಆ ಹುಡುಗಿ ಯಾವ ಕಾಲದಲ್ಲೋ ಆಜ್ಞೆ ಮಾಡಿಟ್ಟಿದ್ದಳು, ಅದು ಇನ್ನೂ ನಡೆಯುತ್ತಿತ್ತು. ಅವಳದೇ ಜೀವ ತಳಮುಟ್ಟಿ ಹೆಸರು ಕೆಂಪಾಗಿ ಮಿನುಗುತ್ತಿದ್ದರೂ ಐದನೇ ಸಲ, ಆರನೇ ಸಲ ಅದೇ ಸಾಲು ಬಂತು.

ದೈತ್ಯ ಬಿತ್ತು. ತುತ್ತೂರಿ ಊದಿತು. ಯಾರು ಕೇಳಿದ್ದರು ಇವಳನ್ನು? ನನ್ನನ್ನು ನೋಡಿಕೋ ಎಂದು ಯಾರು ಹೇಳಿದ್ದರು? ಅಷ್ಟು ಕಾಳಜಿ ಇದ್ದವಳು ಆ ದಿನ ಒಂದು ಮಾತು ಮೊದಲೇ ಹೇಳಬಾರದಿತ್ತೇ? ಯಾರ ಮೇಲೆ ಸಿಟ್ಟು, ಎಷ್ಟು ವರ್ಷದ ಹುಡುಗಿಯ ಮೇಲೆ ಸಿಟ್ಟು, ಯಾವುದೂ ಸ್ಪಷ್ಟವಿರಲಿಲ್ಲ. ಹನ್ನೆರಡರವಳೂ ಇಪ್ಪತ್ನಾಲ್ಕರವಳೂ ತಲೆಯಲ್ಲಿ ಕಲಸಿಹೋದರು.

ಊರಿಗೆ ಮರಳಿ, ಅಲ್ಲಿ ಮೊದಲೇ ನೋಡಿಟ್ಟಿದ್ದ ಮನೆಯೊಂದಕ್ಕೆ ಹೋದರು. ಒಬ್ಬ ಹೆಂಗಸು ಮೇಜಿನ ಮೇಲೆ ದಪ್ಪನೆಯ ಪುಸ್ತಕ ಇಟ್ಟುಕೊಂಡು ಕೂತಿದ್ದಳು, ಜೊತೆಗಾರರ ಹೆಸರು ಬರೆಯುವ, ಹೊಡೆದುಹಾಕುವ ಕೆಲಸ ಅವಳದು. ಯಾರ ಹೆಸರು ಹೊಡೆಯಲಿ ಎಂದು ಕೇಳಿದಳು. ಬಂಡೆಪ್ಪನವರು ಕೊನೆಯ ಹೆಸರಿಗೆ ಬಂದು ಒತ್ತಿದರು. ಹೊಡೆದ ಹೆಸರು ಮರಳಿ ಬಾರದು, ಸರಿಯೇ ಎಂದಳು. ಹೌದು. ನಿಜವಾಗಿಯೂ ಸರಿಯೇ ಎಂದಳು. ಎರಡೆರಡು ಸಲ ಕೇಳುವ ಗುಮಾಸ್ತರನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಆಗದು. ಹೌದು. ಆಮೇಲೆ, ಮೂವತ್ತೊಂದು ವರ್ಷ ಪ್ರತಿ ಸಂಜೆ ರಿಜಿಸ್ಟರಿಗೆ ಸಹಿ ಹಾಕದೆ ಕಾರ್ಖಾನೆಯ ಗೇಟು ದಾಟದ ಕೈ ಅದು, ಆಟವನ್ನು ಉಳಿಸುವುದೇ ಎಂದು ಪುಸ್ತಕದವಳು ಕೇಳಿದ್ದಕ್ಕೂ ಹೌದು ಎಂದು ಒತ್ತಿ ಕೆಲಸ ಪೂರೈಸಿತು.

ಆ ಮನೆಯಿಂದ ಹೊರಬಂದಾಗ ಅಪ್ಪನ ಹಿಂದೆ ಇಬ್ಬರೇ ಇದ್ದರು. ಬಂಡೆಪ್ಪನವರು ಅತ್ತಿತ್ತ ನಾಲ್ಕು ಹೆಜ್ಜೆ ನಡೆದು ನೋಡಿದರು. ಸಾಲು ಮೋಟಾಗಿತ್ತು. ಡಬ್ಬಿಯನ್ನು ರವಿಕೆ ಬಟ್ಟೆಯಲ್ಲಿ ಸುತ್ತಿ ಇದ್ದಲ್ಲೇ ಇಟ್ಟರು. ಆರಿದ ಊಟವನ್ನು ಅರ್ಧಕ್ಕೇ ಬಿಟ್ಟೆದ್ದರು. ಮರುದಿನ ಬೆಳಕು ಹರಿದ ಮೇಲೆ ಮತ್ತೆ ತೆಗೆದು, ಪುಸ್ತಕದ ಹೆಂಗಸಿನ ಹತ್ತಿರ ಹೋಗಿ, ಇರುವ ಗುಂಡಿಗಳನ್ನೆಲ್ಲ ಒತ್ತಿ ನೋಡಿದರು. ಹೊಸ ಹೆಸರು ಬರೆಯಲೇ ಎಂದು ಕೇಳಿದಳೇ ಹೊರತು, ಹಳೆಯದರ ಸುದ್ದಿ ಎತ್ತಲಿಲ್ಲ.

ಬೀದರಿನಿಂದ ಶರಣಬಸಮ್ಮ ಹೋಳಿಗೆ ಕಟ್ಟಿಕೊಂಡು ಬಂದರು, ಕುಬಸದ ಸುದ್ದಿಯನ್ನೆಲ್ಲ ಹೇಳಿದರು, ಗಂಡ ಸರಿಯಾಗಿ ಉಂಡಿಲ್ಲ ಎಂದು ಪಾತ್ರೆ ನೋಡಿಯೇ ಕಂಡುಹಿಡಿದು ಗೊಣಗಿದರು. ಮೂರು ಗಂಟೆಗೆ ಬಾಲ್ಕನಿಗೆ ಹೋದರು. ಬಂಡೆಪ್ಪನವರು ಒಳಗೆ ಪೇಪರನ್ನು ಮುಖಕ್ಕೆ ಹಿಡಿದು ಒಂದಕ್ಷರವನ್ನೂ ಓದದೆ ಕೂತರು. ಸಂಗೀತ ಶುರುವಾಯಿತು. ಸ್ವಲ್ಪ ಹೊತ್ತಿಗೆ ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಹೀಗೆ ನಾಲ್ಕು ಸಲ ಆರಿಸಿ ಹೊತ್ತಿಸಿ ನೋಡಿರಬೇಕು. ಆಮೇಲೆ ಅವರು ಒಳಗೆ ಬಂದು ಗಂಡನ ಎದುರು ನಿಂತರು.

“ಇದನ್ನ ಮುಟ್ಟಿದ್ರೇನ್ರಿ?”

ಬಂಡೆಪ್ಪನವರು ಪೇಪರು ಮಡಚಿದರು. ಸುಳ್ಳು ಹೇಳಲು ಬರುತ್ತಿರಲಿಲ್ಲ, ಆದರೆ ತಪ್ಪಿತಸ್ಥನಂತೆ ನಿಲ್ಲಲೂ ಬರುತ್ತಿರಲಿಲ್ಲ. ಎರಡರ ನಡುವೆ ಸಿಕ್ಕಿಬಿದ್ದ ಗಂಡಸರು ಮಾಡುವುದನ್ನೇ ಮಾಡಿದರು, ತಾವೇ ಏರಿಹೋದರು. ಇದನ್ನು ಆಡಲು ಯಾರು ಕಲಿಸಿದರು, ಎಷ್ಟು ದಿನದಿಂದ ಆ ಕಡೆಗೆ ಮಾತುಕತೆ ನಡೆದಿದೆ, ತಮ್ಮ ಕಣ್ಣಿಗೆ ಮಣ್ಣೆರಚಿದ್ದು ಯಾವಾಗಿನಿಂದ ಎಂದು ಒಂದೇ ಉಸಿರಿಗೆ ಕೇಳಿದರು.

ಶರಣಬಸಮ್ಮ ಗಂಡನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. “ಯಾರೂ ಕಲಿಸಿಲ್ರಿ. ಆಕಿ ಸಣ್ಣಾಕಿದ್ದಾಗ ಆಡತಿದ್ಲು, ನಾ ಬಾಜೂಕ ಕುಂತು ಅವರಿಕಾಯಿ ಬಿಡಸತಿದ್ದೆ. ನೋಡಿ ನೋಡಿ ಬಂದದ್ದು. ಆಕಿ ದನಿ ಕೇಳಿ ಒಂಬತ್ತು ವರ್ಷ ಆತು. ನೀವು ಹೆಸರು ಎತ್ತಬ್ಯಾಡ ಅಂದ್ರಿ, ಬಾಯಿಲೆ ಎತ್ತಿಲ್ಲ. ಕಣ್ಣಿಲೆ ಓದಬ್ಯಾಡ ಅಂತ ಅಂದಿರಲಿಲ್ಲ ನೀವು.”

ಬಂಡೆಪ್ಪನವರು ಮಡಚಿದ ಪೇಪರನ್ನು ಮತ್ತೊಮ್ಮೆ ಮಡಚಿದರು. ಹಾಗಾದರೆ ಅದರಲ್ಲಿ ದಿನಾ ಏನು ಮಾಡುತ್ತಿದ್ದೆ ಎಂದಷ್ಟೇ ಕೇಳಿದರು. ಅದಂತೂ ಅವರಿಗೆ ನಿಜಕ್ಕೂ ತಿಳಿದಿರಲಿಲ್ಲ. ಇಷ್ಟು ದಿನ ಹೆಂಡತಿ ಆಡಿದ್ದರೂ, ಅವರು ಡಬ್ಬಿ ತೆರೆದಾಗ ನಾಲ್ವರೂ ಆ ದಂಡೆಯ ಊರಿನ ಹತ್ತಿರವೇ ನಿಂತಿದ್ದರು.

“ಏನೂ ಮಾಡತಿದ್ದಿಲ್ಲ. ನಾಕೂ ಮಂದೀನ ಸಮುದ್ರದ ದಂಡಿ ತೋರಸ್ಕೊಂಡು ಬರತಿದ್ದೆ. ಆ ಊರಾಗೊಂದು ವಸತಿ ಮನಿ ಐತ್ರಿ. ಅಲ್ಲಿ ಹ್ವಾದ್ರ ಒಂದ ಕೋಣ್ಯಾಗ ನಾಕು ಹಾಸಿಗಿ. ನೀವು, ನಾನು, ಅಮಿತ, ಆಕಿ. ಎಲ್ಲಾರ್ನೂ ಮಲಗಿಸಿ ಆರಸತಿದ್ದೆ.”

ಅವರು ಅಳಲಿಲ್ಲ. ಡಬ್ಬಿಯನ್ನು ಮೇಜಿನ ಮೇಲೆ, ಗಂಡನ ಕನ್ನಡಕದ ಪಕ್ಕದಲ್ಲಿ ಇಟ್ಟು ಚಹಾಕ್ಕಿಡಲು ಹೋದರು.

ಮರುದಿನ ಮೂರಕ್ಕೆ ಶರಣಬಸಮ್ಮ ಬಾಲ್ಕನಿಯ ಕುರ್ಚಿಗೆ ಹೋಗಿ ಕೂತರು. ಕೈ ಖಾಲಿ ಇತ್ತು. ಮೂರೂವರೆಯ ತನಕ ಬಿಸಿಲನ್ನು ನೋಡುತ್ತ ಕೂತು, ಎದ್ದು ಬಂದರು. ಅದರ ಮರುದಿನವೂ ಹಾಗೇ. ಬಂಡೆಪ್ಪನವರು ಸೀರೆಯ ಈಚೆಯಿಂದ ನೋಡಿದರು. ಹೆಂಡತಿ ತಮ್ಮ ಕಡೆಯೇ ಇದ್ದಳು. ಒಂದು ದಿನವೂ ಗೆರೆ ದಾಟಿರಲಿಲ್ಲ. ತಮಗೆ ಬೇಕಾಗಿದ್ದ ಖಾತ್ರಿ ಸಿಕ್ಕಿತ್ತು, ಸಿಕ್ಕಿದ್ದಕ್ಕೆ ಎದೆ ಹಗುರಾಗಬೇಕಿತ್ತು. ಯಾಕೆ ಆಗಲಿಲ್ಲವೋ ತಿಳಿಯದು. ಜೀವನದಲ್ಲಿ ಹೀಗೆ ದಿಕ್ಕು ತಪ್ಪಿದ್ದು ಅವರಿಗೆ ಇದೇ ಮೊದಲು. ಫೇಲಾದ ಬಿಡಿಭಾಗ ಎದುರಿಗಿದ್ದರೆ ಏನು ಮಾಡಬೇಕೆಂದು ಅವರಿಗೆ ಗೊತ್ತು. ಫೇಲು ಮಾಡಿದ್ದೇ ತಪ್ಪಾಗಿದ್ದರೆ ಏನು ಮಾಡಬೇಕೆಂದು ಯಾವ ಕೈಪಿಡಿಯಲ್ಲೂ ಬರೆದಿರಲಿಲ್ಲ.

ಮೂರನೆಯ ದಿನ ಶರಣಬಸಮ್ಮ ಖಾಲಿ ಕೈಯಲ್ಲಿ ಕುರ್ಚಿಯ ಕಡೆಗೆ ಹೊರಟಾಗ ಅವರಿಗೆ ನೋಡಲಾಗಲಿಲ್ಲ. ಫೋನು ತೆಗೆದು ಸೊಲ್ಲಾಪುರಕ್ಕೆ ಹಚ್ಚಿದರು. ನಿಮ್ಮಕ್ಕನ ನಂಬರು ಬೇಕು ಎಂದು ಅಮಿತನಿಗೆ ಹೇಳಿದರು. ಅವನು ಯಾಕೆ ಎಂದೂ ಕೇಳದೆ ನಂಬರು ಕಳಿಸಿದ. ಅದನ್ನು ಒತ್ತುವಾಗ, ಕೇಳಬೇಕಾದದ್ದು ಆಟದ ವಿಷಯ, ಬೇರೇನಿಲ್ಲ, ಗೊತ್ತಿದ್ದವರನ್ನು ಕೇಳುವುದರಲ್ಲಿ ತಪ್ಪೇನು ಎಂದು ಬಂಡೆಪ್ಪನವರು ತಮಗೆ ತಾವೇ ಸಮಜಾಯಿಷಿ ಕೊಟ್ಟುಕೊಂಡರು.

ಆ ಕಡೆ ಫೋನು ಎತ್ತಿದರು, ಆದರೆ ಹಲೋ ಎನ್ನಲಿಲ್ಲ. ಈ ನಂಬರು ಅಲ್ಲಿಯೂ ಗೊತ್ತಿತ್ತು.

“ಅವ್ವಗ ಏನಾತು?” ಎಂದಿತು ದನಿ.

ಏನೂ ಆಗಿಲ್ಲ, ಆರಾಮ ಇದ್ದಾಳೆ ಎಂದರು ಬಂಡೆಪ್ಪನವರು. ಬಾಲ್ಕನಿಯ ಬಾಗಿಲಲ್ಲಿ ಹೆಂಡತಿ ನಿಂತುಬಿಟ್ಟಿದ್ದು ಕಣ್ಣಂಚಿಗೆ ಕಂಡಿತು. ಕೆಮ್ಮಿದರು. “ನಿನ್ನ ಆಟದ ಡಬ್ಬಿ ಐತಲ್ಲ. ಅದರಾಗ ಪುಸ್ತಕದಿಂದ ಹೆಸರು ಹೊಡದ್ರ, ವಾಪಸ್ ಬರೂ ಹಾದಿ ಐತೇನು?”

“ಯಾರ ಹೆಸರು?”

“ನಿಂದು.”

“ಯಾರು ಹೊಡದ್ರು?”

“ನಾನ,” ಎಂದರು ಬಂಡೆಪ್ಪನವರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲು ಆಗಲಿಲ್ಲ. “ಎರಡೂ ಸಲ ನಾನ ಹೊಡದೆ.”

ಆ ಕಡೆ ಕುಕ್ಕರು ಒಂದು ಸೀಟಿ ಹಾಕಿತು. ಯಾರೋ ನೀರಿನ ನಲ್ಲಿ ತಿರುಗಿಸಿದರು. ಕರೆ ಕಡಿದುಹೋಯಿತೇ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿ ಮತ್ತೆ ಹಚ್ಚಿಕೊಂಡರು.

“ಹೊಡದದ್ದು ಬರಂಗಿಲ್ಲಪ್ಪ,” ಎಂದಳು ಪಿಂಕಿ. ದನಿ ಒದ್ದೆಯಾಗಿತ್ತು. “ಹೊಸದಾಗಿ ಬರಸಬೇಕು. ಒಂದನೇ ಲೆವೆಲ್ಲಿಂದ ಸುರು ಆಗತೈತಿ. ಭಾಳ ದಿನ ಹಿಡಿತೈತಿ.”

ಅದೆಲ್ಲ ತಮಗೆ ಬರುವುದಿಲ್ಲ, ಅವಳೇ ಬಂದು ಮಾಡಿಕೊಡಬೇಕು ಎಂದು ಬಂಡೆಪ್ಪನವರು ಹೇಳಿದರು. ಹೇಳಿದ್ದು ತಾವೇ ಹೌದೋ ಅಲ್ಲವೋ ಎಂದು ಅವರಿಗೆ ಖಾತ್ರಿಯಾಗಲಿಲ್ಲ. ಬಾಗಿಲಲ್ಲಿ ಶರಣಬಸಮ್ಮ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ನಾ ಒಬ್ಬಾಕೀನ ಬರಂಗಿಲ್ರಿ,” ಎಂದಳು ಮಗಳು ಮೆಲ್ಲಗೆ. “ಬಂದ್ರ ಮೂರೂ ಮಂದಿ ಬರತೀವಿ.”

ಬಂಡೆಪ್ಪನವರು ಮನಸ್ಸಿನಲ್ಲೇ ಎಣಿಸಿದರು. ಪಿಂಕಿ ಒಂದು. ಆ ಹುಡುಗ, ತರುಣ, ಎರಡು. ಮೂರನೆಯವರು ಯಾರು? ಅವನ ತಾಯಿಯೇ? ಅವರನ್ನು ಕರೆದುಕೊಂಡು ಬರುತ್ತಾಳೆಯೇ? ಮತ್ತೆ ಎಣಿಸಿದರು. ಲೆಕ್ಕ ಕೂಡಲಿಲ್ಲ. ಅಷ್ಟರಲ್ಲಿ ಫೋನಿನ ಹತ್ತಿರವೇ ಒಂದು ಎಳೆಯ ದನಿ, ಫೋನಿನಲ್ಲಿ ಯಾರು, ಅಮ್ಮ ಯಾಕೆ ಅಳುತ್ತಿದ್ದಾಳೆ ಎಂದು ತೆಲುಗಿನಲ್ಲಿ ಕೇಳಿತು.

ಬಂಡೆಪ್ಪನವರು ಮೆಲ್ಲಗೆ ಕುರ್ಚಿಯ ಮೇಲೆ ಕೂತರು. ಎಷ್ಟು ವರ್ಷದ್ದು ಎಂದು ಕೇಳುವ ಮೊದಲೇ, ಬರುವ ಶ್ರಾವಣಕ್ಕೆ ಐದು ತುಂಬುತ್ತದೆ ಎಂದು ಪಿಂಕಿ ಹೇಳಿದಳು. ಹತ್ತಿರ ಹತ್ತಿರ ಐದು ವರ್ಷ, ಇದೇ ಊರಿನಲ್ಲಿ. ಅವರು ಬಾಗಿಲ ಕಡೆ ನೋಡಿ ಹೆಂಡತಿಯನ್ನು ಕೈಸನ್ನೆ ಮಾಡಿ ಕರೆದರು. ಶರಣಬಸಮ್ಮ ಏನು ಏನು ಎನ್ನುತ್ತ ಬಂದು ಪಕ್ಕದಲ್ಲಿ ನಿಂತರು. ಬಂಡೆಪ್ಪನವರು ಫೋನನ್ನು ಇಬ್ಬರಿಗೂ ಕೇಳುವ ಹಾಗೆ ನಡುವೆ ಹಿಡಿದು, ಮಗುವಿನ ಹೆಸರೇನು ಎಂದು ಕೇಳಿದರು.